ಹದಿನೇಳನೇ ಕಟ್ಟು

ಮೊದಲ ಪುಸ್ತಕ ನಿನಗೇ ಅರ್ಪಣೆ ಎಂದು ಅವನು ಮಾತು ಕೊಟ್ಟಾಗ ಮಗಳಿಗೆ ಎರಡು ದಿನ. ಅತ್ತೆ ಪಕ್ಕದಲ್ಲಿದ್ದರು. "ಅಳಿಯಂದ್ರೇ, ಮೊದಲು ಮಗೂಗೊಂದು ಹೆಸರಿಡಿ," ಎಂದಿದ್ದರು.

ಈಗ ಅವಳಿಗೆ ಹದಿಮೂರು. ಪುಸ್ತಕ ಇನ್ನೂ ಹುಟ್ಟಿಲ್ಲ. ಕವನಗಳನ್ನೇ ಪ್ರಕಟಿಸುವ ಐದು ಪುಟ್ಟ ಪ್ರಕಾಶನಗಳೂ ಬೇಡವೆಂದಿದ್ದವು. ಒಂದಂತೂ ಮೂರು ಸಲ. ಆ ಮೂರು ಸಲದ ಪ್ರಕಾಶಕರೇ ಆಮೇಲೆ ಫೋನು ಮಾಡಿದ್ದರು.

"ನಿಮ್ಮ ಕವಿತೆ ನಮಗೆ ಒಗ್ಗಲಿಲ್ಲ ಸರ್. ಆದ್ರೆ ನಿಮ್ಮ ಕಣ್ಣು ಚೆನ್ನಾಗಿದೆ. ಬೇರೆಯವರದ್ದನ್ನ ಓದಿ ಹೇಳ್ತೀರಾ?"

ಊಟಕ್ಕೆ ಕರೆಯದೆ ಬಡಿಸಲು ಕರೆದ ಹಾಗೆ. ಅವನು ಹೂಂ ಅಂದಿದ್ದ.

ಅಲ್ಲಿಯ ಪದ್ಧತಿ ಕಟ್ಟುನಿಟ್ಟು. ಹೆಸರಿನ ಹಾಳೆ ಕಿತ್ತು, ಕವಿತೆಗಳ ಕಟ್ಟಿನ ಮೇಲೊಂದು ಸಂಖ್ಯೆ ಬರೆದು ಕಳಿಸುತ್ತಿದ್ದರು. ಅವನಿಗದು ಹೊಸದಲ್ಲ. ಅವನು ಕೆಲಸ ಮಾಡುವ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ದಿನವಿಡೀ ನಂಬರು ಹೊತ್ತ ಗಾಜಿನ ನಳಿಗೆಗಳೇ. ಯಾರ ರಕ್ತವೆಂದು ತಿಳಿಯದಿದ್ದರೆ ಕೈ ನಡುಗುವುದಿಲ್ಲ.

ಈ ಭಾನುವಾರ ಬೆಳಿಗ್ಗೆ ಹದಿನೇಳನೇ ಕಟ್ಟು ಬಿಚ್ಚಿದ. ಮೊದಲ ಸಾಲಿಗೇ ಕಿವಿ ಬಿಸಿಯಾಯಿತು. ತನ್ನದೇ. ನಾಲ್ಕನೇ ಸಲ ಕಳಿಸಲು ಸಂಕೋಚವಾಗಿ ಹೆಂಡತಿಯ ಹೆಸರು, ಅವಳ ಆಫೀಸಿನ ವಿಳಾಸ ಹಾಕಿದ್ದ. ಓದುವ ಸರದಿಯೂ ತನಗೇ ಬರಬಹುದೆಂದು ಹೊಳೆದಿರಲಿಲ್ಲ. ಜಾಣ!

ಫೋನು ಬಡಿದುಕೊಂಡಿತು.

"ಹದಿನೇಳು ಹೇಗಿದೆ ಸರ್? ಈ ವರ್ಷದ ಪಟ್ಟಿಲಿ ಒಂದು ಜಾಗ ಖಾಲಿ ಇದೆ. ನೀವು ಹೂಂ ಅಂದ್ರೆ ನಾಳೆನೇ ಪ್ರೆಸ್ಸಿಗೆ."

"ಸಂಜೆ ಹೇಳ್ತೀನಿ."

ಒಂದು ಹೂಂ. ಹದಿಮೂರು ವರ್ಷದ ಮಾತು ಅಷ್ಟಕ್ಕೆ ಬಂದು ನಿಂತಿತ್ತು. ಕೇಳುವವರಿಲ್ಲ, ಹಿಡಿಯುವವರಿಲ್ಲ.

ಕೆಂಪು ಪೆನ್ಸಿಲ್ ಹಿಡಿದೇ ಓದಿದ, ಅಭ್ಯಾಸಬಲ. ಮೂರನೇ ಕವಿತೆಗೆ ಆಕಳಿಕೆ ಬಂತು. ಎಂಟನೆಯದರಲ್ಲಿ ಕತ್ತಲೆ ಐದು ಸಲ ಬಂದರೂ ಒಮ್ಮೆಯೂ ಕಪ್ಪಾಗಲಿಲ್ಲ.

ಮಗಳು ಭುಜದ ಮೇಲಿಂದ ಬಗ್ಗಿದಳು. "ಯಾರದ್ದಪ್ಪಾ?"

"ಯಾರದ್ದೋ."

ಒಂದು ಪುಟ ತುಟಿಯಲ್ಲೇ ಓದಿಕೊಂಡಳು. ಹಸುಗೂಸಿನ ಮುಷ್ಟಿಯ ಕುರಿತು ಬರೆದದ್ದು. ಅವಳದೇ ಮುಷ್ಟಿ.

"ಪಾಪ, ತುಂಬಾ ಕಷ್ಟಪಟ್ಟಿದಾರೆ."

"ಚೆನ್ನಾಗಿಲ್ವಾ?"

"ಚೆನ್ನಾಗಿರ್ಬೇಕು ಅಂತ ಬರ್ದಿರೋದು ಗೊತ್ತಾಗತ್ತೆ," ಎಂದವಳೇ ತಲೆ ಬಾಚಿಕೊಳ್ಳಲು ಹೋದಳು.

ಅವಮಾನವಾಗಬೇಕಿತ್ತು. ಕಾದ. ಆಗಲಿಲ್ಲ. ಬಹಳ ದಿನದಿಂದ ಕಚ್ಚುತ್ತಿದ್ದ ಚಪ್ಪಲಿ ಬಿಚ್ಚಿಟ್ಟಂತೆ ಹಗುರವಾಯಿತು. ಇಷ್ಟು ವರ್ಷ ಐವರು ಪ್ರಕಾಶಕರ ಮೇಲೆ ಹಲ್ಲು ಮಸೆದಿದ್ದ. ಅವರದೇನು ತಪ್ಪು, ಅವರಿಗೂ ಆಕಳಿಕೆ ಬಂದಿತ್ತು, ಅಷ್ಟೇ. ಮಧ್ಯಾಹ್ನ ಎರಡು ಸಲ ಬಡಿಸಿಕೊಂಡು ಉಂಡ. "ಏನು ಇವತ್ತು?" ಎಂದಳು ಹೆಂಡತಿ. "ಏನಿಲ್ಲ," ಎಂದ.

ಸಂಜೆ ತಾನೇ ಫೋನು ಮಾಡಿದ.

"ಬೇಡ."

"ಅಯ್ಯೋ. ಬರೆದವ್ರಿಗೆ ಏನಂತ ಹೇಳ್ಲಿ?"

"ಏನೂ ಹೇಳ್ಬೇಡಿ. ಅವರಿಗೆ ಗೊತ್ತಾಗಿರತ್ತೆ."

"ನಿಮ್ಮದು ಕಲ್ಲೆದೆ ಸರ್. ಅದಕ್ಕೇ ನಿಮ್ಮನ್ನ ಬಿಡಲ್ಲ ನಾನು," ಎಂದು ಪ್ರಕಾಶಕರು ನಕ್ಕರು. ಅವನೂ ನಕ್ಕ. ನಿಜವಾಗಿಯೇ ನಗು ಬಂದಿತ್ತು.

ಬೇಡವಾದ ಕಟ್ಟುಗಳನ್ನು ಪ್ರಕಾಶನ ವಾಪಸು ಕೇಳುತ್ತಿರಲಿಲ್ಲ. ಒಂದೇ ಮಗ್ಗುಲಿಗೆ ಟೈಪಾದ ಗಟ್ಟಿ ಹಾಳೆಗಳು. ಮಗಳು ಎಂದಿನಂತೆ ಕೈಚಾಚಿದಳು.

"ಇದೂ ಬೇಡ ಅಂದ್ಯಾ? ಲೆಕ್ಕ ಮಾಡೋಕೆ ತಗೊಳ್ಲಾ?"

"ತಗೋ."

ಕವಿತೆಯನ್ನು ಬೋರಲು ಹಾಕಿ, ಅದರ ಬಿಳಿ ಬೆನ್ನಿಗೆ ಕೈವಾರದ ಮುಳ್ಳು ಊರಿ, ಅವಳು ಒಂದು ವೃತ್ತ ಎಳೆದಳು. ಮುಳ್ಳು ಹಾಳೆ ದಾಟಿತು. ಆಚೆ ಯಾವ ಪದಕ್ಕೆ ತಾಗಿತೋ, ಅವನು ನೋಡಲಿಲ್ಲ.

ಕೊಟ್ಟ ಮಾತಿಗೆ ತಪ್ಪಿದ.