ಚಿಂದಿ ತುಂಬಿದ ಕಾವಲು

“ಥೂ ನಿನ್ನ, ನೆಟ್ಟಗೆ ನಿಂತ್ಕೊಳೋ ಮುದಿಯಾ! ಆ ಬೊಂಬೆಗಿರೋ ಬಿಗಿನೂ ನಿನಗಿಲ್ವಲ್ಲೋ!”

ಕ್ಯಾಪ್ಟನ್ ಬೈಯುತ್ತಿದ್ದುದು ಹಡಗಿನ ಅಡುಗೆಯವನಿಗೆ. ಆ ಅಡುಗೆಯವನು ನನ್ನ ಅಕ್ಕನ ಗಂಡ. ನನ್ನನ್ನು ಈ ಖಲಾಸಿ ಕೆಲಸಕ್ಕೆ ಸೇರಿಸಿದವನೂ ಅವನೇ. ಕಡಲ್ಗಳ್ಳರ ಹಾವಳಿಯಿದ್ದ ನೀರಿಗೆ ಬಂದಿದ್ದೆವು. ಬಂದೂಕಿನ ಕಾವಲುಗಾರರನ್ನು ಕಳಿಸದೆ ಹಡಗಿನ ಧಣಿ ಕೈ ಕೊಡವಿದ್ದ. ಹಳೇ ಬಟ್ಟೆಗೆ ಚಿಂದಿ ತುಂಬಿ, ತಲೆಗೆ ಹೆಲ್ಮೆಟ್ ಇಟ್ಟು, ಕಪ್ಪು ಬಣ್ಣ ಬಳಿದ ಕೋಲು ಕೊಟ್ಟು ಐದು ಬೊಂಬೆಗಳನ್ನು ಮುಂಭಾಗದ ಕಂಬಿಗೆ ಕಟ್ಟಿದ್ದೆವು. ದೂರದಿಂದ ನೋಡಿದವರಿಗೆ ಕಾವಲಿನವರಂತೆ ಕಾಣಬೇಕಂತೆ. ಆರನೆಯದಕ್ಕೆ ಚಿಂದಿ ಸಾಲಲಿಲ್ಲ. ಭಾವನನ್ನು ನಿಲ್ಲಿಸಿದರು.

“ನಾನು ಹೇಳೋವರೆಗೂ ಕದಲಬೇಡ. ಕದಲಿದ್ಯೋ, ಮುಂದಿನ ಬಂದರಲ್ಲೇ ಗಂಟುಮೂಟೆ ಕಟ್ಟು.”

ಭಾವ ತಲೆಯಾಡಿಸಿದ. ಅವನ ಮಂಡಿನೋವು ನನಗೆ ಗೊತ್ತು. ಮೈಯೆಲ್ಲ ಉರಿಯಿತು, ಆದರೆ ನಾನೂ ಬಾಯಿ ಮುಚ್ಚಿಕೊಂಡು ಬಂದೆ.

ಮಧ್ಯಾಹ್ನ ಸೈರನ್ ಕೂಗಿತು. ಎರಡು ದೋಣಿ ನಮ್ಮ ಕಡೆಗೇ ನುಗ್ಗಿ ಬರುತ್ತಿದ್ದವು. ಎದ್ದೆವೋ ಬಿದ್ದೆವೋ ಎಂದು ತಳದ ಕಬ್ಬಿಣದ ಕೋಣೆಗೆ ಓಡಿದೆವು. ಇಂಥ ಹೊತ್ತಿಗೆಂದೇ ಇಟ್ಟ ಕೋಣೆ ಅದು: ಒಳಗಿನಿಂದ ಅಗುಳಿ, ಒಂದು ಫೋನು, ಎರಡು ದಿನದ ನೀರು. ಬಾಗಿಲು ಬಿದ್ದ ಮೇಲೆ ಮುಖಗಳನ್ನು ನೋಡಿದೆ. ಒಂದು ಕಡಿಮೆಯಿತ್ತು.

“ಸಾಹೇಬ್ರೇ, ಭಾವ ಬಂದಿಲ್ಲ! ನೀವು ಹೇಳದೆ ಅವನು ಕದಲಲ್ಲ!”

“ಒಳ್ಳೇದೇ ಆಯ್ತು. ಬೊಂಬೆ ಅಂದ್ಕೊಂಡು ಬಿಟ್ಟು ಹೋಗ್ತಾರೆ.”

ಯಾರೋ ನಕ್ಕರು, ಹೆದರಿಕೆಗೆ.

ಫೋನಿನ ಸ್ಪೀಕರಿನಲ್ಲಿ ನೌಕಾಪಡೆಯವರು ಸಿಕ್ಕರು. ನಾವೆಲ್ಲ ಆ ಕೋಣೆಯಲ್ಲಿದ್ದರೆ ಮಾತ್ರ ಅವರು ಗುಂಡು ಹಾರಿಸುತ್ತಾ ಹಡಗು ಹತ್ತುವುದು. ಒಬ್ಬ ಹೊರಗಿದ್ದರೂ ಹತ್ತುವುದಿಲ್ಲ.

“ಎಲ್ಲರೂ ಒಳಗಿದೀರಾ?”

“ಎಲ್ರೂ ಒಳಗಿದೀವಿ,” ಎಂದ ಕ್ಯಾಪ್ಟನ್.

ಕೈಯಲ್ಲಿ ಬಂದೂಕಿನಂಥ ಕೋಲು ಹಿಡಿದು ನಿಂತವನನ್ನು ಅವರು ಹೆಸರು ಕೇಳಿ ಹೊಡೆಯುತ್ತಾರೆಯೇ?

“ಸುಳ್ಳು! ನಮ್ಮ ಭಾವ ಹೊರಗಿದಾನೆ!” ಎಂದು ಕಿರುಚಿದೆ.

ಆ ಕಡೆಯವರಿಗೆ ಅದು ಕೇಳಿಸಿತು. “ಹಾಗಾದ್ರೆ ನಾವು ಬರೋಕಾಗಲ್ಲ. ಅವನು ಒಳಗೆ ಬಂದ್ಮೇಲೆ ಹೇಳಿ.”

ಕ್ಯಾಪ್ಟನ್ ನನ್ನ ಕೆನ್ನೆಗೆ ಬಾರಿಸಿದ. “ಎಲ್ರನ್ನೂ ಕೊಂದ್ಯಲ್ಲೋ ಬೋಳಿಮಗನೇ!” ದಿನವೂ ನನ್ನ ಜೊತೆ ಉಣ್ಣುತ್ತಿದ್ದ ಎಂಜಿನ್ ಕೆಲಸದವನೂ ಮುಖ ತಿರುಗಿಸಿದ. “ಹೋಗು, ನೀನೇ ಕರ್ಕೊಂಡು ಬಾ. ಬರದಿದ್ರೆ ಅಲ್ಲೇ ಸಾಯಿ,” ಎಂದ ಕ್ಯಾಪ್ಟನ್.

ಅಗುಳಿ ಸರಿಸಿದೆ. ನಾನು ಹೊರಬಿದ್ದೊಡನೆ ಅದು ಮತ್ತೆ ಬಿತ್ತು.

ಡೆಕ್ಕು ಬಿಸಿಲಿಗೆ ಕಾದು ಅಂಗೈ ಸುಡುತ್ತಿತ್ತು. ತೆವಳಿಕೊಂಡೇ ಹೋದೆ. ದೋಣಿಯ ಮೋಟಾರಿನ ಸದ್ದು ಹಡಗಿನ ಪಕ್ಕಕ್ಕೇ ಬಂದಿತ್ತು. ಆರು ಬೆನ್ನುಗಳಲ್ಲಿ ಒಂದು ಬೆವರಿನಿಂದ ತೊಯ್ದಿತ್ತು.

“ಭಾವಾ, ಬಾ.”

ಅವನು ತಿರುಗಲಿಲ್ಲ. “ಸಾಹೇಬ್ರು ಬಾ ಅಂದ್ರಾ?”

“ಅವನ ಮನೆ ಹಾಳಾಗ! ನಾನು ಕರೀತಿದೀನಿ. ಅಕ್ಕನಿಗೆ ಏನಂತ ಮುಖ ತೋರಿಸ್ಲಿ?”

ಅಷ್ಟರಲ್ಲಿ ನಮಗೂ ಬಾಗಿಲಿಗೂ ನಡುವೆ ಕಬ್ಬಿಣದ ಕೊಕ್ಕೆಯೊಂದು ಠಣ್ಣನೆ ಬಂದು ಕಂಬಿಗೆ ಸಿಕ್ಕಿಕೊಂಡಿತು. ಭಾವ ಅದನ್ನು ನೋಡಿದ, ನನ್ನನ್ನು ನೋಡಿದ. ಹೆಲ್ಮೆಟ್ ಕಿತ್ತೆಸೆದು ಕೋಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದ. ನಾನು ಪಕ್ಕದ ಬೊಂಬೆಯ ಕೋಲು ಕಿತ್ತುಕೊಂಡೆ.

ಕಂಬಿಯ ಮೇಲೆ ಮೊದಲು ಒಂದು ಕೈ ಬಂತು. ಹಗ್ಗ ಎಳೆದೆಳೆದು ಜಡ್ಡುಗಟ್ಟಿದ ಕೈ. ನನ್ನದೂ ಹಾಗೇ ಇದೆ.

“ಹೊಡಿಯೋ!” ಎಂದ ಭಾವ.

ಆ ಕೈಗೆ ಗುರಿಯಿಟ್ಟು ಕೋಲೆತ್ತಿದೆ.