ಅತ್ತೆ ಹಿಡಿದ ಬಂದೂಕು

ಮೊಣಕಾಲಿನ ಆಪರೇಷನ್ ಆದ ಮೇಲೆ ಅತ್ತೆ ಮಗಳ ಮನೆಗೆ ಬಂದಿಳಿದಾಗ, ಅವರಿಗೂ ಅಳಿಯನಿಗೂ ನಡುವೆ ಮಾತು ಅಷ್ಟಕ್ಕಷ್ಟೇ. ಜಗಳವೇನಿರಲಿಲ್ಲ. ಊಟವಾಯಿತೇ, ಆಯಿತು ಎನ್ನುವಷ್ಟರಲ್ಲಿ ಹೇಳುವುದೆಲ್ಲ ಮುಗಿದುಹೋಗುತ್ತಿತ್ತು. ಆಕೆ ಅಚ್ಚುಮನೆಯಲ್ಲಿ ಕರಡು ತಿದ್ದಿ ನಿವೃತ್ತರಾದವರು. ಅವನು ನೀರು ಸರಬರಾಜು ಕಚೇರಿಯಲ್ಲಿ ದೂರಿನ ಫೋನಿಗೆ ಕಿವಿಗೊಟ್ಟು ಕೂರುವವನು. ಮಗಳು ನರ್ಸ್, ಆಗ ಅವಳಿಗೆ ಮಧ್ಯಾಹ್ನದ ಪಾಳಿ. ಸಂಜೆ ಮನೆಯಲ್ಲಿ ಉಳಿಯುತ್ತಿದ್ದವರು ಇವರಿಬ್ಬರೇ.

ಅತ್ತೆ ಕಾಲು ಚಾಚಿ ಕೂರಲು ಇದ್ದ ಜಾಗ ಹಾಲಿನ ಸೋಫಾ ಒಂದೇ. ಎದುರಿಗೇ ಟಿವಿ. ಅಳಿಯ ಕೆಲಸದಿಂದ ಬಂದು, ಅವರಿಗೆ ಚಹಾ ಕೊಟ್ಟು, ಮೊದಮೊದಲು ಸುಮ್ಮನೆ ಕೋಣೆ ಸೇರಿಕೊಳ್ಳುತ್ತಿದ್ದ. ಒಂದು ದಿನ ತಡೆಯಲಾರದೆ, ಸದ್ದು ಕಡಿಮೆ ಇಟ್ಟು ಸ್ವಲ್ಪ ಹೊತ್ತು ವಿಡಿಯೋ ಗೇಮ್ ಆಡಲೇ ಎಂದು ತಲೆ ಕೆರೆದುಕೊಳ್ಳುತ್ತಾ ಕೇಳಿದ. ನಿಮ್ಮ ಮನೆ, ನಿಮ್ಮ ಟಿವಿ ಎಂದರು ಅತ್ತೆ. ಅದು ಒಪ್ಪಿಗೆಯೋ ಕೊಂಕೋ ಅವನಿಗೆ ತಿಳಿಯಲಿಲ್ಲ.

ಟಿವಿಯಲ್ಲಿ ಪಾಳುಬಿದ್ದ ಕಾರ್ಖಾನೆ. ಕೆಳಗಡೆ ಎರಡು ಕೈ, ಕೈಯಲ್ಲೊಂದು ಬಂದೂಕು. ಮನುಷ್ಯ ಎಲ್ಲೂ ಕಾಣಿಸಲಿಲ್ಲ. ಪೇಪರನ್ನು ಅಡ್ಡ ಹಿಡಿದುಕೊಂಡೇ ನೋಡುತ್ತಿದ್ದ ಅತ್ತೆ ಕೊನೆಗೆ ಕೇಳಿಯೇಬಿಟ್ಟರು.

"ಇವನಿಗೆ ಮುಖ ಇಲ್ವಾ?"

"ಮುಖ ನಂದೇ ಅಲ್ವಾ ಅತ್ತೆ. ಅದಕ್ಕೇ ಕಾಣಲ್ಲ."

ಅತ್ತೆ ಪೇಪರ್ ಮಡಿಚಿಟ್ಟರು.

ತಪ್ಪು ಹುಡುಕಿ ಪಳಗಿದ ಕಣ್ಣು ಸುಮ್ಮನಿರಬೇಕಲ್ಲ. ಕಿಟಕಿಯಲ್ಲಿ ಏನಾದರೂ ಅಲುಗಿದರೆ ಸಾಕು, ಬಲಗಡೆ ಯಾರೋ ಇದ್ದಾರೆ ಎಂದು ಮೆಲ್ಲಗೆ ಹೇಳತೊಡಗಿದರು. ಎಷ್ಟೋ ಸಲ ಅದು ಹರಕು ಬಟ್ಟೆಯೋ ಪೈಪೋ ಆಗಿರುತ್ತಿತ್ತು. ಅಳಿಯ ಅದಕ್ಕೂ ಒಂದು ಗುಂಡು ಹಾರಿಸಿ ಅತ್ತೆಯ ಮಾತಿಗೆ ಮರ್ಯಾದೆ ಕೊಡುತ್ತಿದ್ದ.

ಒಂದು ಸಂಜೆ ಅವನು ಮೆಟ್ಟಿಲ ಕೆಳಗೆ ಅಡಗಿದ್ದಾಗ, ಎದುರು ಗೋಡೆಯ ಮೇಲೆ ನೆರಳೊಂದು ಬೆಳೆಯಿತು.

"ಹಿಂದೆ ತಿರುಗೋ!"

ಅವನು ತಿರುಗಿ ಹೊಡೆದು ಬದುಕಿಕೊಂಡ. ಮಗಳ ಮದುವೆಯಾದಾಗಿನಿಂದ ಬಹುವಚನ ಬಿಟ್ಟು ಅಳಿಯನನ್ನು ಮಾತಾಡಿಸಿದವರಲ್ಲ ಆಕೆ. ನಾಲಿಗೆ ಜಾರಿತು ಎಂದು ಹೇಳಹೊರಟರು.

"ಇಲ್ಲಿ ಹಾಗೇ ಹೇಳಬೇಕು ಅತ್ತೆ. 'ದಯವಿಟ್ಟು ತಿರುಗಿ' ಅನ್ನೋಷ್ಟರಲ್ಲಿ ನಾನು ಸತ್ತಿರ್ತೀನಿ."

ಅತ್ತೆ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ಅದೇ ಸುಸಮಯವೆಂದು ಅವನು ಆಟದ ರಿಮೋಟನ್ನು ಅವರ ಕೈಗಿತ್ತ. ಅವರು ಆಕಾಶ ನೋಡಿದರು, ಗೋಡೆಗೆ ಡಿಕ್ಕಿ ಹೊಡೆದರು. ಎದುರಿಗೆ ಒಬ್ಬ ಬಂದು ನಿಂತಾಗ ಬೆರಳು ಏಳಲೇ ಇಲ್ಲ, ಸತ್ತರು. ಮರುಕ್ಷಣ ಮತ್ತೆ ಜೀವ ತಳೆದು ಕಾರ್ಖಾನೆಯ ಗೇಟಿನ ಬಳಿ ನಿಂತಿದ್ದರು.

ಕೊಲ್ಲುವುದರಲ್ಲಿ ಅದೇನು ಖುಷಿ ಎಂದು ಕೇಳಿದರು. ಅವನು ಯೋಚಿಸಿದ. ತಾನು ಒಡೆಯದ, ತನ್ನಿಂದ ರಿಪೇರಿಯೂ ಆಗದ ಪೈಪುಗಳಿಗಾಗಿ ದಿನವಿಡೀ ಜನರ ಕ್ಷಮೆ ಕೇಳುವ ಕೆಲಸ ತನ್ನದು ಎಂದ.

"ಆಡೋವಾಗ ಕಣ್ಣೆದುರು ಏನಿದೆಯೋ ಅಷ್ಟೇ ಅತ್ತೆ. ಬೇರೆ ಏನೂ ತಲೇಲಿ ಇರಲ್ಲ."

ಅದು ಅವರಿಗೆ ಅರ್ಥವಾಯಿತು. ಕರಡು ಕೈಯಲ್ಲಿದ್ದಾಗ ಪಕ್ಕದ ಮುದ್ರಣಯಂತ್ರದ ಗದ್ದಲವೂ ಅವರ ಕಿವಿಗೆ ಬೀಳುತ್ತಿರಲಿಲ್ಲ. ಮತ್ತೆ ಆಟದೊಳಗೆ ಓಡಿದರು. ಗೇಟು ದಾಟಿ, ಚರಂಡಿ ಹಾರಿ, ಕಾರ್ಖಾನೆಗೆ ಪೂರ್ತಿ ಒಂದು ಸುತ್ತು. ಒಂದು ಗುಂಡೂ ಹಾರಿಸಲಿಲ್ಲ. ದಿಂಬಿನ ಮೇಲಿದ್ದ ಕಾಲಿನ ನೆನಪೇ ಆಗಲಿಲ್ಲ. ಶತ್ರು ಎಲ್ಲಿದ್ದಾನೆಂದು ಗೊತ್ತಿದ್ದರೂ ಅಳಿಯ ಬಾಯಿ ಬಿಡಲಿಲ್ಲ.

ಅತ್ತೆಯ ಗುಂಡು ಗುರಿ ಮುಟ್ಟಿದ್ದು ಮುಂದಿನ ವಾರ. ಅಯ್ಯೋ ಪಾಪ ಎನಿಸಿತು. ಅದರ ಬೆನ್ನಿಗೇ, ಇನ್ನೊಬ್ಬನೆಲ್ಲಿ ಎಂದು ಕಣ್ಣು ಹುಡುಕಿತು. ತಮ್ಮ ಕಣ್ಣಿನ ಆತುರಕ್ಕೆ ತಾವೇ ಬೆರಗಾದರು.

ಪಾಳಿ ಬದಲಾಗಿ ಮಗಳು ಒಂದು ದಿನ ಬೇಗ ಬಂದಳು. ಅಮ್ಮನ ಕಾಲು ಮಡಚಿ, ಚಾಚಿ ನೋಡಿ, ಚೆನ್ನಾಗಿ ವಾಸಿಯಾಗಿದೆ, ಭಾನುವಾರ ಮನೆಗೆ ಬಿಟ್ಟುಬರುತ್ತೇನೆ ಎಂದಳು. ಮೆಟ್ಟಿಲು ಇನ್ನೂ ಕಷ್ಟ ಎಂದರು ಅಮ್ಮ, ಟಿವಿಯಿಂದ ಕಣ್ಣು ಕೀಳದೆ. ಮಗಳು ಗಂಡನ ಮುಖ ನೋಡಿದಳು. ಅವನು ಚಾವಣಿ ನೋಡಿದ.

ಇಷ್ಟು ದಿನ ಇವರಿಬ್ಬರ ಮೌನವೇ ಅವಳಿಗೆ ಚಿಂತೆಯಾಗಿತ್ತು. ಇನ್ನೂ ಒಂದಷ್ಟು ದಿನ ಇರಮ್ಮ ಎಂದು ಹೇಳಿ, ಬ್ಯಾಗು ಕೆಳಗಿಟ್ಟು, ಸೋಫಾದ ತೋಳಿನ ಮೇಲೆ ಕುಳಿತಳು. ಸ್ವಲ್ಪ ಹೊತ್ತಾದ ಮೇಲೆ, ಇದರಲ್ಲಿ ನಮ್ಮವರು ಯಾರು ಎಂದು ಕೇಳಿದಳು.