ಮೊದಲು ಕೈ ಎತ್ತಿ

ಸಮಿತ್ ಕಾಲರ್ ಹಿಡಿದು ಎಳೆದ ರಭಸಕ್ಕೆ ಪ್ರಲ್ಹಾದ ಮಾಸ್ತರರ ಅಂಗಿಯ ಗುಂಡಿ ಕಿತ್ತು, ಹೆಣದ ಮೇಲಿನ ಚೆಂಡುಹೂಗಳ ನಡುವೆ ಬಿತ್ತು.

"ಹಾಥ್ ಮತ್ ಲಗಾ! ಮೇರೆ ಪಪ್ಪಾ ಕೋ ಹಾಥ್ ಮತ್ ಲಗಾ!" ಅಪ್ಪನನ್ನು ಮುಟ್ಟಬೇಡ ಎಂದು ಅವನು ಹಿಂದಿಯಲ್ಲಿ ಅರಚಿದ.

ಡೊಂಬಿವಲಿಯ ಆ ಕಟ್ಟಡದ ಅಂಗಳದಲ್ಲಿ ಸೇರಿದ್ದವರು ಗೋಡೆಯತ್ತ ಸರಿದರು. ಸಾವಿನ ಮನೆಯಲ್ಲಿ ಸಮಾಧಾನ ಹೇಳುವವರು ಬೇಕಾದಷ್ಟು ಸಿಗುತ್ತಾರೆ, ಏಟು ಬೀಳುವಾಗ ನಡುವೆ ಬರುವವರು ಸಿಗುವುದಿಲ್ಲ.

"ಹೆಗಲು ಕೊಡಾಕ ಬಂದೀನಪಾ," ಎಂದರು ಪ್ರಲ್ಹಾದ ಮಾಸ್ತರರು. "ಗೇಟಿನ ಮಟಾ ಅಷ್ಟ. ಆಮ್ಯಾಲೆ ನೀ ನನ್ನ ಏನರೆ ಮಾಡು."

"ನೀವೇ ಕೊಂದು ನೀವೇ ಹೊರುವುದಾ?" ಎಂದ ಸಮಿತನ ಸೋದರಮಾವ ಕಿಟ್ಟಿ. "ಚೆಂದ ಉಂಟು ನಿಮ್ಮ ನ್ಯಾಯ."

ಕಿಟ್ಟಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಬಾವನ ಲ್ಯಾಪ್‌ಟಾಪ್ ಇಟ್ಟು ಒದ್ದಾಡುತ್ತಿದ್ದ. ಕುಂದಾಪುರದಲ್ಲಿ ಬಾವ ವಸಂತಕುಮಾರರ ಅಕ್ಕ ಹಾಸಿಗೆ ಹಿಡಿದಿದ್ದರು. ಅವರಿಗೆ ತಮ್ಮನ ಮುಖವನ್ನು ವಿಡಿಯೋ ಕಾಲಿನಲ್ಲಿ ಕೊನೆಗೊಮ್ಮೆ ತೋರಿಸಬೇಕಿತ್ತು. ಪರದೆಯ ಮೇಲೆ ಇದ್ದದ್ದು ಒಂದೇ ನೀಲಿ ಗುಂಡಿ. ಬಾವ ದಿನಾ ಒತ್ತುತ್ತಿದ್ದದ್ದು ಅದನ್ನೇ ಎಂದು ಅವನೂ ಒತ್ತಿದ, ಕ್ಯಾಮೆರಾದ ದೀಪ ಹತ್ತಿದ್ದು ಕಂಡು ಕುರ್ಚಿಯನ್ನು ಚಟ್ಟದ ಕಡೆ ತಿರುಗಿಸಿದ.

"ಬಿಡು ಮಗಾ," ಎಂದಳು ತಾಯಿ ಮಾಲಾ, ಚಟ್ಟದ ಪಕ್ಕದಲ್ಲಿ ಕೂತಲ್ಲಿಂದಲೇ. "ಅಪ್ಪ ಹೇಳಿದ್ದು ನೆನಪಿಲ್ವಾ ನಿಂಗೆ?"

ನೆನಪಿತ್ತು. ಅದೇ ಅವನ ಎದೆಯನ್ನು ಸುಡುತ್ತಿತ್ತು.

*

ವಸಂತಕುಮಾರರು ದೊಡ್ಡ ಮನುಷ್ಯರೇನಲ್ಲ, ಡೊಂಬಿವಲಿಯ ಕನ್ನಡ ಶಾಲೆಯ ಗಣಿತದ ಮೇಷ್ಟ್ರು. ಠಾಣೆ, ಕಲ್ಯಾಣ, ದಿವಾ, ಮಹಾಪೆಯಲ್ಲೂ ಅದೇ ಕಮಿಟಿಯ ಶಾಲೆಗಳಿದ್ದವು. ಎಲ್ಲ ಕಡೆ ಮಕ್ಕಳು ಕಡಿಮೆ. ಒಂದು ಕಡೆ ಗಣಿತಕ್ಕೆ ಜನವಿಲ್ಲ, ಇನ್ನೊಂದು ಕಡೆ ವಿಜ್ಞಾನಕ್ಕೆ. ಮೇಷ್ಟ್ರು ಒಂದು ಕೋಣೆಯಲ್ಲಿ ಕೂತು ಎಲ್ಲ ಶಾಲೆಗೂ ಪಾಠ ಮಾಡಬಹುದಲ್ಲ ಎಂಬ ಹುಚ್ಚು ಅವರಿಗೆ ಹಿಡಿಯಿತು. ಕ್ಯಾಮೆರಾವನ್ನು ಮಾಲಾಳ ಹಳೇ ಸೀರೆಯಲ್ಲಿ ಸುತ್ತಿ, ಲೋಕಲ್ ಟ್ರೈನಿನಲ್ಲಿ ಪಕ್ಕೆಗೆ ತಿವಿಸಿಕೊಳ್ಳುತ್ತ, ಊರೂರಿಗೆ ಹೋಗಿ ಪರದೆ ಕಟ್ಟಿ ಬಂದರು.

ಮೊದಲ ದಿನ ಪಾಠವೇ ಆಗಲಿಲ್ಲ. ನಾಲ್ಕು ಶಾಲೆಗಳ ಗದ್ದಲ ಸೇರಿ ಮೀನು ಮಾರ್ಕೆಟ್ಟಾಯಿತು. ಆಮೇಲೆ ಅವರೊಂದು ಕ್ರಮ ಮಾಡಿದರು. ಎಲ್ಲರ ದನಿಯನ್ನೂ ತಾವೇ ಮುಚ್ಚಿಡುವುದು. ಮಾತಾಡಬೇಕಾದವರು ಮೊದಲು ಕೈ ಎತ್ತುವುದು. ಅವರು ನೋಡಿ, "ದಿವಾ, ಚಿನ್ನು, ಹೇಳಮ್ಮ," ಎಂದು ಹೆಸರು ಹಿಡಿದು ಕರೆದು ದನಿ ಬಿಡುವುದು.

"ಎತ್ತಿದ ಕೈಯನ್ನು ಕಾಯಿಸಬಾರದು ಮಾರಾಯ, ಪಾಪ ತಟ್ಟುತ್ತದೆ," ಎನ್ನುತ್ತಿದ್ದರು ಮಗನಿಗೆ.

ಪಾಠ ಚೆನ್ನಾಗಿ ನಡೆಯಿತು, ಅದೇ ತಪ್ಪಾಯಿತು. ಪರದೆ ಇರುವಾಗ ಮಾಸ್ತರ ಯಾಕೆ ಎಂದು ಕಮಿಟಿಯವರು ದಿವಾದ ಗಣಿತದ ಮಾಸ್ತರ ಪ್ರಲ್ಹಾದರನ್ನು ಮನೆಗೆ ಕಳಿಸಿದರು. ವಸಂತಕುಮಾರರು ಕಮಿಟಿಯೊಂದಿಗೆ ಜಗಳವಾಡಿದರು, ಸೋತರು, ಮರುದಿನ ಎಂದಿನಂತೆ ಪಾಠ ಮಾಡಿದರು. ಆ ಕೊನೆಯದನ್ನು ಪ್ರಲ್ಹಾದರು ಕ್ಷಮಿಸಲಿಲ್ಲ. ಕ್ಷಮಿಸುವುದು ಸುಲಭವೂ ಅಲ್ಲ.

ಆ ದಿನ ದಿವಾದ ಮೈಕ್ ಕೆಟ್ಟಿತ್ತು. ವಸಂತಕುಮಾರರು ಅಲ್ಲಿಗೇ ಹೋಗಿ ರಿಪೇರಿ ಮಾಡಿ, ಅಲ್ಲಿಂದಲೇ ಪಾಠ ಹಚ್ಚಿದ್ದರು. ತಮ್ಮ ಪುಸ್ತಕ ಒಯ್ಯಲು ಬಂದ ಪ್ರಲ್ಹಾದರಿಗೆ ತಮ್ಮ ಕರಿಹಲಗೆಯ ಮೇಲೆಯೇ ಮೊಳೆ ಹೊಡೆದು ಪರದೆ ತೂಗಿಬಿಟ್ಟದ್ದು ಕಂಡಿತು. ಮೂಲೆಯಲ್ಲಿದ್ದ ಕಬ್ಬಿಣದ ಸ್ಟ್ಯಾಂಡ್ ಎತ್ತಿ ಪರದೆಗೆ ಬಾರಿಸಿದರು. ಅಡ್ಡ ಬಂದ ವಸಂತಕುಮಾರರಿಗೂ ಬಾರಿಸಿದರು, ಕಿವಿಯ ಹಿಂದೆ. ಬಿದ್ದವರಿಗೆ ಮತ್ತೊಂದು. ಬೆಂಚಿನಡಿ ಹೊಕ್ಕ ಮಕ್ಕಳ ಮೇಲೆ ರಕ್ತ ಸಿಡಿಯಿತು. ಉಳಿದ ಶಾಲೆಗಳ ಮಕ್ಕಳೂ ಅದನ್ನು ನೋಡಿದರು, ಕಿರುಚಿದರು. ಆ ಕಿರುಚಾಟ ದಿವಾಕ್ಕೆ ಕೇಳಿಸಲಿಲ್ಲ.

"ಪರದೆ ತಲೆ ಮೇಲೆ ಬಿತ್ತು," ಎಂದರು ವಸಂತಕುಮಾರರು ಮನೆಗೆ ಬಂದು. ಅವರು ಬರುವ ಮೊದಲೇ ನಿಜ ಸಂಗತಿ ಎಲ್ಲರ ಮೊಬೈಲಿಗೆ ಬಂದಿತ್ತು. ಪೊಲೀಸ್ ಠಾಣೆಗೆ ಹೊರಟ ಸಮಿತನ ಮಣಿಕಟ್ಟನ್ನು ಅಪ್ಪ ಹಿಡಿದುಕೊಂಡರು.

"ಪೊಲೀಸರು ಬಂದ ಶಾಲೆಗೆ ಯಾವ ತಾಯಿ ಮಗುವನ್ನು ಕಳಿಸ್ತಾಳೆ? ಅವನ ಅನ್ನ ಕಿತ್ತದ್ದು ನಾನೇ ಮಾರಾಯ. ಏಟು ತಿಂದೆ, ಮುಗೀತು. ನೀನು ಕೈ ಮಾಡಬಾರದು."

ಮುಗಿದಿರಲಿಲ್ಲ. ದಿವಾದಲ್ಲಿ ಬೇರೆ ಪರದೆ ಕಟ್ಟಿ ಪಾಠ ಮುಂದುವರಿಸಿದರೂ ತಲೆಯೊಳಗೆ ರಕ್ತ ಹೆಪ್ಪುಗಟ್ಟುತ್ತಲೇ ಇತ್ತು. ಒಂದು ಬೆಳಿಗ್ಗೆ ಚಹಾ ಲೋಟದ ಜೊತೆಗೇ ಕೆಳಗೆ ಬಿದ್ದರು. ಡಾಕ್ಟರು ಮೆದುಳಿನ ರಕ್ತಸ್ರಾವ ಎಂದು ಬರೆದುಕೊಟ್ಟರು. ಯಾರಿಂದ ಎಂದು ಅವರೂ ಕೇಳಲಿಲ್ಲ, ಮನೆಯವರೂ ಹೇಳಲಿಲ್ಲ.

*

ಅಪ್ಪ ಉಸಿರಾಡುವ ತನಕ ಸಮಿತ್ ಆ ಮಾತಿಗೆ ಕಟ್ಟುಬಿದ್ದಿದ್ದ. ಈಗ ಉಸಿರಿಲ್ಲ, ಮಾತಿನ ಹಂಗು ಯಾಕೆ? ಚಟ್ಟ ಕಟ್ಟಿ ಉಳಿದಿದ್ದ ಬಿದಿರಿನ ತುಂಡು ಕಾಲಿಗೆ ಸಿಕ್ಕಿತು. ಎತ್ತಿಕೊಂಡ.

ಮೊದಲ ಏಟು ಭುಜಕ್ಕೆ ಬಿತ್ತು. ಎರಡನೆಯದಕ್ಕೆ ಹುಬ್ಬು ಸೀಳಿತು, ರಕ್ತ ಕಣ್ಣಿಗಿಳಿಯಿತು. ಪ್ರಲ್ಹಾದ ಮಾಸ್ತರರು ಮೊಣಕಾಲೂರಿದರು. ತಲೆಗೆ ಕೈ ಅಡ್ಡ ಹಿಡಿಯಲಿಲ್ಲ.

"ಹೊಡಿಯಪಾ," ಎಂದರು. "ನಿಮ್ಮಪ್ಪ ಮರುದಿನ ನನಗ ಫೋನ್ ಮಾಡಿ ಏನಂದ್ರು ಗೊತ್ತೇನು? ನಿಮ್ಮನ್ನ ತಿರಗಿ ಕೆಲಸಕ್ಕ ಕರಕೊಳ್ಳೂ ಮಟಾ ನಾ ಕಮಿಟಿಯವರನ್ನ ಬಿಡಂಗಿಲ್ಲ ಅಂದ್ರು. ಅವತ್ತಿಂದ ನನಗ ನಿದ್ದಿ ಇಲ್ಲ. ಹೊಡಿ."

ಸಮಿತನಿಗೆ ಹುಚ್ಚು ಹಿಡಿದಂತಾಯಿತು. ಇಷ್ಟು ಒಳ್ಳೆಯವರಾಗಿ ಸಾಯುವ ಹಕ್ಕು ಅಪ್ಪನಿಗೆ ಕೊಟ್ಟವರು ಯಾರು? "ಚುಪ್!" ಎಂದು ಅಬ್ಬರಿಸಿ, ಈ ಸಲ ನೆತ್ತಿಗೇ ಗುರಿಯಿಟ್ಟು ಬಿದಿರನ್ನು ಮೇಲೆತ್ತಿದ.

"ಅಯ್ಯೋ, ಮಕ್ಕಳು!" ಎಂದು ಮಾಲಾ ಚೀರಿದಳು. "ಸಮಿತ್, ಮಕ್ಕಳು ನೋಡ್ತಾ ಇದ್ದಾರೆ!"

ಅವನು ತಿರುಗಿದ. ಲ್ಯಾಪ್‌ಟಾಪಿನಲ್ಲಿ ಕುಂದಾಪುರದ ಅತ್ತೆ ಇರಲಿಲ್ಲ. ಕಿಟ್ಟಿ ಒತ್ತಿದ್ದು ಪಾಠದ ಗುಂಡಿ. ಸರ್ ಹೋದರು, ಸಂತಾಪ ಸೂಚಿಸಿ ರಜೆ ಕೊಡುತ್ತೇವೆ ಎಂದು ಪಾಠದ ಹೊತ್ತಿಗೆ ನಾಲ್ಕೂ ಶಾಲೆಗಳಲ್ಲಿ ಮಕ್ಕಳನ್ನು ಪರದೆಯ ಮುಂದೆ ನಿಲ್ಲಿಸಿದ್ದರು. ಠಾಣೆ, ಕಲ್ಯಾಣ, ಮಹಾಪೆ, ದಿವಾ: ನಾಲ್ಕು ಚೌಕಗಳ ತುಂಬ ಯೂನಿಫಾರ್ಮಿನ ಮಕ್ಕಳು. ಬಾಯಿಗಳು ತೆರೆದಿದ್ದವು, ಅಳುತ್ತಿದ್ದವು, ಏನೋ ಕೂಗುತ್ತಿದ್ದವು. ಸದ್ದು ಮಾತ್ರ ಇಲ್ಲ.

ದಿವಾದ ಮುಂದಿನ ಸಾಲಿನಲ್ಲಿ ಚಿನ್ನು ಕೂಗುವುದನ್ನು ನಿಲ್ಲಿಸಿದಳು. ಕಣ್ಣೊರೆಸಿಕೊಂಡು, ಸರ್ ಕಲಿಸಿದಂತೆ, ಬಲಗೈ ಎತ್ತಿದಳು. ಅವಳ ಹಿಂದಿನ ಹುಡುಗನೂ ಎತ್ತಿದ. ಆಮೇಲೆ ಕಲ್ಯಾಣದವರು. ಆಮೇಲೆ ಎಲ್ಲರೂ.

"ಮಾವ, ಆವಾಜ್!" ಎಂದ ಸಮಿತ್. "ಇನ್‌ಕಾ ಆವಾಜ್ ಖೋಲೋ!"

ಕಿಟ್ಟಿ ಅಲ್ಲಿ ಇಲ್ಲಿ ಒತ್ತಿದ. ಯಾವುದನ್ನು ಒತ್ತಿದರೆ ಆ ಮಕ್ಕಳ ದನಿ ಬರುತ್ತದೆಂದು ಗೊತ್ತಿದ್ದವರು ಚೆಂಡುಹೂಗಳ ಕೆಳಗೆ ಮಲಗಿದ್ದರು. ಮಕ್ಕಳು ಕೈ ಇಳಿಸದೆ ಕಾಯುತ್ತಿದ್ದರು. ಪರದೆಯ ಮೂಲೆಯ ಪುಟ್ಟ ಚೌಕದಲ್ಲಿ ಈ ಅಂಗಳ ಕಾಣುತ್ತಿತ್ತು. ಅಲ್ಲಿಯೂ ಒಂದು ಕೈ ಎತ್ತಿದಂತೆಯೇ ಇತ್ತು, ಬಿದಿರು ಹಿಡಿದುಕೊಂಡು.